ಹರಿಣಿಯ ಶಾಂತ ಕೈ

ಹರಿಣಿ ಕಳೆದ ಮಂಗಳವಾರ ಬೆಳಿಗ್ಗೆ ಚೆಂಬೂರಿನ ಮನೆಯಲ್ಲಿ ತೀರಿಕೊಂಡಳು. ಉಸಿರಾಟದ ಸ್ನಾಯುಗಳು ಕೈಬಿಟ್ಟವು. ಇನ್ನೂ ನಲವತ್ತು ತುಂಬಿರಲಿಲ್ಲ.

ಅಂಧೇರಿಯ ಅವಳ ಕಂಪನಿಯವರು ಶುಕ್ರವಾರ ಸಂತಾಪ ಸಭೆ ಮಾಡಿದರು. ಹೂಹಾರ ಹಾಕಿದ ಫೋಟೊ, ಪಕ್ಕದಲ್ಲಿ ದೊಡ್ಡ ಪರದೆ. ಪರದೆಯ ಮೇಲೆ ಅವಳು ಬರೆದ ಫಿಲ್ಟರಿನ, ಅಂದರೆ ಯಂತ್ರದ ಗದ್ದಲ ಸೋಸುವ ಪ್ರೋಗ್ರಾಮಿನ, ಚಿತ್ರ: ಎಡಕ್ಕೆ ಮುಳ್ಳುಮುಳ್ಳಾದ ಗೆರೆ, ಬಲಕ್ಕೆ ನೀಟಾದ ಗೆರೆ. ಇನ್ನು ಮುಂದೆ ಆ ಫಿಲ್ಟರಿಗೆ ಅವಳದೇ ಹೆಸರು ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಎಲ್ಲರೂ ತಟ್ಟುತ್ತಾರೆಂದು ಅವಳ ತಾಯಿ ಸೇವಂತಿಯಮ್ಮನೂ ತಟ್ಟಿದರು. ಆ ಫಿಲ್ಟರನ್ನು ಯಂತ್ರದಿಂದ ತೆಗೆಸಲು ಹರಿಣಿ ತನ್ನ ಕೊನೆಯ ವರ್ಷವನ್ನು ಪೂರ್ತಿ ಸವೆಸಿದಳೆಂದು ಅಲ್ಲಿ ಯಾರೂ ಹೇಳಲಿಲ್ಲ.

ನಾವಿಬ್ಬರೂ ಒಂದೇ ಬಿಲ್ಡಿಂಗಿನಲ್ಲಿ ಬೆಳೆದವರು. ಅವಳ ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತವರು, ನಮ್ಮಪ್ಪ ಕಲಬುರಗಿ ಕಡೆಯಿಂದ ಬಂದು ರಿಫೈನರಿ ಸೇರಿದವರು. ನಾನು ಸಿಟ್ಟಿನಲ್ಲಿ ಕೂಗಾಡಿದರೆ ಅವಳು, "ನಿಮ್ಮ ಕನ್ನಡದಲ್ಲಿ ಬೈದ್ರೂ ಹಾಡಿದ ಹಾಗೆ ಕೇಳ್ತದೆ, ಇನ್ನೊಂದು ಸಲ ಬೈ" ಎನ್ನುತ್ತಿದ್ದಳು. ನಾನು ಶಾಲೆಯ ಟೀಚರಾದೆ, ಅವಳು ಎಂಜಿನಿಯರಾದಳು.

ಅವಳ ಕಂಪನಿ ತಯಾರಿಸುವುದು ತೋಳಿಗೆ ಕಟ್ಟುವ ಒಂದು ಪಟ್ಟಿ. ನರವು ಸ್ನಾಯುವಿಗೆ ಕೊಡುವ ಆಜ್ಞೆ ಚರ್ಮದ ಮೇಲೆ ಅತಿ ಸಣ್ಣ ವಿದ್ಯುತ್ತಾಗಿ ಸಿಗುತ್ತದೆ. ಪಟ್ಟಿ ಅದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಸಣ್ಣ ಆಸ್ಪತ್ರೆಗಳು ಇದನ್ನು ಕೊಂಡು ಕೈಕಾಲು ಸೋತವರನ್ನು ಪರೀಕ್ಷಿಸುತ್ತವೆ. ಆದರೆ ಆ ಪಟ್ಟಿಗೆ ಎಲ್ಲವೂ ಕೇಳಿಸುತ್ತದೆ. ಫ್ಯಾನು, ಟ್ಯೂಬ್‌ಲೈಟು, ಅಲುಗಿದ ವೈರು, ಎದೆಬಡಿತ. ನರದ್ದು ಯಾವುದು, ಗದ್ದಲ ಯಾವುದು ಎಂದು ಬೇರ್ಪಡಿಸುವುದು ಹರಿಣಿಯ ಕೆಲಸವಾಗಿತ್ತು. "ಸಿಗಡಿ ಕ್ಲೀನ್ ಮಾಡಿದ ಹಾಗೆ ಮಾರಾಯ್ತಿ. ಸಿಪ್ಪೆ ಹೋಗ್ಬೇಕು, ಮಾಂಸ ಹೋಗ್ಬಾರ್ದು," ಎನ್ನುತ್ತಿದ್ದಳು.

ಅಲ್ಲಿ ಒಂದು ರೂಢಿ ಇತ್ತು. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಯಾರಾದರೊಬ್ಬರು ತಮ್ಮ ಕೈಗೇ ಪಟ್ಟಿ ಕಟ್ಟಿಕೊಂಡು ಮೇಜಿನ ಮೇಲೆ ಸುಮ್ಮನೆ ಇಡಬೇಕು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕೈಯಲ್ಲಿ ನರ ಏನನ್ನೂ ಹೇಳುವುದಿಲ್ಲ. ಆಗ ಗೆರೆಯ ಮೇಲೆ ಏನೇ ಕಂಡರೂ ಅದು ಯಂತ್ರದ ಗದ್ದಲವೇ. ಹರಿಣಿಯ ಕೈ ಎಲ್ಲರ ಕೈಗಿಂತ ಶಾಂತ. ಹಾಗಾಗಿ ದಿನವೂ ಅವಳದೇ ಕೈ. "ಬಾ, ನಿನ್ನ ಮುರ್ದಾ ಹಾಥ್ ಕೊಡು," ಎಂದು ಮ್ಯಾನೇಜರ್ ಪ್ರೀತಮ್ ಕರೆಯುತ್ತಿದ್ದ. ಸತ್ತ ಕೈ. ಅವಳೂ ನಗುತ್ತಿದ್ದಳು.

ಒಂದು ಮಳೆಗಾಲದಲ್ಲಿ ಆ ಗೆರೆಯ ಮೇಲೆ ಅಲ್ಲೊಂದು ಇಲ್ಲೊಂದು ಮುಳ್ಳು ಏಳತೊಡಗಿತು. ತೇವಕ್ಕೆ ಹೀಗೆ ಎಂದುಕೊಂಡರು. ವೈರು ಬದಲಿಸಿದರು, ಮೇಜು ಸರಿಸಿದರು, ಎಸಿ ಆರಿಸಿದರು. ಹೋಗಲಿಲ್ಲ. ಬೇರೆಯವರ ಕೈಗೆ ಕಟ್ಟಿ ನೋಡುವುದು ಯಾರಿಗೂ ಹೊಳೆಯಲಿಲ್ಲ. ಅಳತೆಗೋಲನ್ನೇ ಅಳೆದು ನೋಡುವವರು ಯಾರು? ಕೊನೆಗೆ ಹರಿಣಿ ಅಂಥ ಒಂಟಿ ಮುಳ್ಳುಗಳನ್ನು ಹುಡುಕಿ ಅಳಿಸುವ ಫಿಲ್ಟರ್ ಬರೆದಳು. ಗೆರೆ ನೀಟಾಯಿತು. ಕಂಪನಿ ತಾನು ಮಾರುವ ಪ್ರತಿ ಯಂತ್ರಕ್ಕೂ ಅದನ್ನು ಸೇರಿಸಿತು, ಅವಳಿಗೆ ಬಡ್ತಿಯನ್ನೂ ಕೊಟ್ಟಿತು.

ಮುಂದಿನ ಚಳಿಗಾಲಕ್ಕೆ ಅವಳ ಕೈಯಿಂದ ಚಹದ ಕಪ್ಪು ಜಾರತೊಡಗಿತು. ವೈದ್ಯರು ಸ್ನಾಯುವಿಗೆ ಸೂಜಿ ಚುಚ್ಚಿ ಪರೀಕ್ಷಿಸಿ, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಿವೆ ಎಂದರು. ಸಾಯುವ ನರ ಸುಮ್ಮನಿರುವುದಿಲ್ಲ. ಯಾರೂ ಹೇಳದಿದ್ದರೂ ಆಗೊಮ್ಮೆ ಈಗೊಮ್ಮೆ ತಾನಾಗಿ ಮಿಡಿಯುತ್ತದೆ. ವೈದ್ಯರ ಪರದೆಯ ಮೇಲಿನ ಮುಳ್ಳುಗಳನ್ನು ಹರಿಣಿ ಕಂಡಕೂಡಲೇ ಗುರುತಿಸಿದಳು. ಅವಳು ಅಳಿಸಿದ್ದು ಅವನ್ನೇ.

ಮೊದಲೇ ಗೊತ್ತಾಗಿದ್ದರೂ ಇದಕ್ಕೆ ಮದ್ದಿಲ್ಲ ಎಂದು ವೈದ್ಯರು ಸಮಾಧಾನ ಹೇಳಿದರು. ಅವಳಿಗೆ ಬೇಕಾಗಿದ್ದದ್ದು ಅದಲ್ಲ.

"ನನ್ನದು ಬಿಡು ಶಿವಿ. ಆ ಫಿಲ್ಟರ್ ಈಗ ಎಷ್ಟೋ ಆಸ್ಪತ್ರೆಯಲ್ಲಿ ಉಂಟು. ನನ್ನಂಥವರು ಹೋಗಿ ಕೈ ಇಟ್ರೆ ಮಿಷನ್ ಎಂತ ಹೇಳ್ತದೆ? ನಿಮಗೆ ಏನೂ ಇಲ್ಲ, ಮನೆಗೆ ಹೋಗಿ ಅಂತ. ಅದನ್ನು ತೆಗೆಸ್ಬೇಕು."

ಕಂಪನಿಯ ಮೇಲಿನವರಿಗೆ ಬರೆದಳು. ಮತ್ತೆ ಮತ್ತೆ ಬರೆದಳು. ಬೆರಳು ಆಡುವವರೆಗೂ ಬರೆದಳು. ಆಮೇಲೆ ಒಂದು ಭಾನುವಾರ ಪ್ರೀತಮ್ ಹಣ್ಣಿನ ಬುಟ್ಟಿ ಹಿಡಿದು ಬಂದ.

"ತೂ ಟೆನ್ಷನ್ ಮತ್ ಲೇ, ಹರಿಣಿ, ತಲೆಬಿಸಿ ಮಾಡ್ಬೇಡ. ಸುಮ್ಮನೆ ಹೇಳಿದ್ರೆ ಪ್ರಾಡಕ್ಟ್ ಚೇಂಜ್ ಮಾಡ್ಲಿಕ್ಕೆ ಆಗ್ತದಾ? ಪ್ರೂಫ್ ಬೇಕಲ್ಲ. ಫಿಲ್ಟರ್ ಇಲ್ಲದೆ ರೆಕಾರ್ಡಿಂಗ್ ಮಾಡಿ ಕೊಡು, ಒಂದೊಂದು ಮುಳ್ಳೂ ಮಾರ್ಕ್ ಮಾಡಿ. ಒಂದು ತಪ್ಪಿದ್ರೂ ಮೇಲಿನವರು ಪೂರಾ ಬಿಸಾಡ್ತಾರೆ, ಗೊತ್ತುಂಟಲ್ಲ?"

"ಆಕಿಗಿ ಕೈ ಎತ್ತಾಕ ಬರಂಗಿಲ್ಲ. ಮಾರ್ಕ್ ಹೆಂಗ ಮಾಡ್ತಾಳ್ರಿ?" ಎಂದೆ.

"ಅದೇ ಅಲ್ವಾ ಪ್ರಾಬ್ಲೆಮ್," ಎಂದು ಅವನು ಫೋನು ನೋಡಿಕೊಂಡ.

ಹರಿಣಿಯ ಮಾತು ಆಗಲೇ ತೊದಲುತ್ತಿತ್ತು. ಒಂದೊಂದೇ ಶಬ್ದ ಎತ್ತಿಟ್ಟಂತೆ ಹೇಳಿದಳು: "ಮುರ್ದಾ ಹಾಥ್... ಕೊಡ್ತೇನೆ."

ಪ್ರೀತಮ್ ನಗಲಿಲ್ಲ. ಪಟ್ಟಿ ಕಳಿಸಿದ.

ಕೆಲಸ ಶುರುವಾಗುವ ಹೊತ್ತಿಗೆ ಅವಳ ಮಾತು ಪೂರ್ತಿ ಹೋಗಿತ್ತು. ಶಾಲೆ ಮುಗಿಸಿ ಬಂದು ನಾನು ಅವಳ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಗೆರೆ ಓಡುವಾಗ ಮುಳ್ಳು ಎದ್ದರೆ ನಿಲ್ಲಿಸಿ ತೋರಿಸುತ್ತಿದ್ದೆ. ಅವಳು ಒಮ್ಮೆ ಕಣ್ಣು ಮಿಟುಕಿಸಿದರೆ ನರ, ಎರಡು ಸಲ ಮಿಟುಕಿಸಿದರೆ ಗದ್ದಲ. ಫ್ಯಾನ್ ಆರಿಸಿ ಬೆವರುತ್ತ ವಾರಗಟ್ಟಲೆ ಇದನ್ನೇ ಮಾಡಿದೆವು. ಅವಳು ಹೋದ ಮೇಲೆ ನಾನೇ ಎಲ್ಲವನ್ನೂ ಕಳಿಸಿದೆ. "ರಿವ್ಯೂನಲ್ಲಿ ಉಂಟು," ಎಂದು ಸಭೆಯ ದಿನ ಪ್ರೀತಮ್ ಹೇಳಿದ. ಫಿಲ್ಟರ್ ಇನ್ನೂ ಯಂತ್ರದಲ್ಲಿದೆ.

ಕೊನೆಯ ಸಲ ಕೂತದ್ದು ಸೋಮವಾರ ಸಂಜೆ. ಅಂದು ಅವಳ ರೆಪ್ಪೆಯೂ ದಣಿದಿತ್ತು. ಒಂದು ಮುಳ್ಳು ಎದ್ದಿತು. ಒಂಟಿ, ಚೂಪು, ಹಿಂದಿನವುಗಳ ಹಾಗೆಯೇ. ಇದೊಂದು ಮುಗಿಸಿ ಅವಳನ್ನು ಮಲಗಿಸೋಣವೆಂದು, "ಇದೂ ನರದ್ದೇ ಅದ. ಹಾಕ್ಲೇನು?" ಎಂದೆ.

ಅವಳು ನೋಟವನ್ನು ಅಡುಗೆಮನೆಯ ಕಡೆ ಹೊರಳಿಸಿದಳು. ಅಲ್ಲಿ ಸೇವಂತಿಯಮ್ಮ ಚಟ್ನಿಗೆಂದು ಮಿಕ್ಸಿಯನ್ನು ಆ ಮುಳ್ಳು ಎದ್ದ ಕ್ಷಣಕ್ಕೆ ಒಂದೇ ಒಂದು ಸಲ ಗುರ್ ಎನ್ನಿಸಿ ನಿಲ್ಲಿಸಿದ್ದರು. ನಾನು ಗಮನಿಸಿರಲಿಲ್ಲ. ಹರಿಣಿ ನೋಟವನ್ನು ಮತ್ತೆ ನನ್ನ ಮುಖಕ್ಕೆ ತಂದು ಒಮ್ಮೆ ಕಣ್ಣು ಮಿಟುಕಿಸಿದಳು. ನರವೆಂದು ಗುರುತು ಹಾಕುವ ಕೀಲಿಯ ಮೇಲೆ ನನ್ನ ಬೆರಳಿತ್ತು. ಅವಳು ತುಸು ತಡೆದು, ಬಹಳ ಕಷ್ಟದಿಂದ, ಇನ್ನೊಮ್ಮೆ ಮಿಟುಕಿಸಿದಳು.