ಫಕ್ರುಸಾಬರ ಕೊರಿಯಾ ಪಾಠ

ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಫಕ್ರುಸಾಬರು ಕೊರಿಯಾ ಭಾಷೆ ಕಲಿಯುತ್ತಿದ್ದಾರೆ. ಫೌಜಿನಲ್ಲಿದ್ದಾಗ ಯುದ್ಧಕೈದಿಗಳ ಕಾವಲಿಗೆಂದು ಆ ದೇಶಕ್ಕೆ ಹೋಗಿದ್ದವರು, ಬರುವಾಗ ಒಂದು ಸ್ವಬೋಧಿನಿ ತಂದರು. ಅದರಲ್ಲಿ ಅರ್ಥವೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಮೊದಲು ಇಂಗ್ಲಿಷಿನ ಸ್ವಬೋಧಿನಿ ಓದಿ ಮುಗಿಸಿದರು. ತೋಟದ ಎಲೆಬಳ್ಳಿಗಳಿಗೂ ಪಾಠ ಒಪ್ಪಿಸುತ್ತಾರೆ. ನಮ್ಮ ಕಟ್ಟೆಯ ಮೇಲೆ ಕುಳಿತು "ಹನಾ, ತುಲ್, ಸೇತ್" ಎಂದು ಎಲೆ ಎಣಿಸುತ್ತಾರೆ. "ಸಾಬ್ರ, ಕೊರಿಯಾದಾಗ ಎಣಿಸಿದ್ರ ಎಲಿ ಕಡಿಮಿ ಬೀಳ್ತಾವ ನೋಡ್ರಿ" ಎಂದು ನೆರೆಮನೆಯ ಯಂಕವ್ವ ಕೆಣಕಿದರೆ, "ದೂರದ ದೇಶರೀ ಅವ್ವಾ, ದಾರ್ಯಾಗ ಉದುರಿರಬೇಕು" ಎಂದು ನಕ್ಕು ಮೇಲೊಂದು ಹಿಡಿ ಇಡುತ್ತಾರೆ. "ಇಲ್ಲಿ ಯಾರ ಕೂಡ ಮಾತಾಡಾಕ ಇದನ್ನ ಕಲಿಯಾಕತ್ತೀರಿ?" ಎಂದು ಒಮ್ಮೆ ನಾನು ಕೇಳಿದೆ. ಎಲೆಗೆ ನೀರು ಚಿಮುಕಿಸುತ್ತ ಹೇಳಿದರು: "ತಂತಿಬೇಲಿ ಆಚೆ ಒಬ್ಬ ಮುದುಕ ಕೈದಿ ಇದ್ದರೀ. ದಿನಾ ನನ್ನ ನೋಡಿ ಅದ ಒಂದು ಮಾತು ಅಂತಿದ್ದ. ಬೈತಾನಂತ ತಿಳದು ಮಾರಿ ತಿರುವತಿದ್ದೆ. ಊರಿಗೆ ಬಂದಮ್ಯಾಲೆ ಪುಸ್ತಕದಾಗ ಆ ಮಾತು ಸಿಕ್ತು. ಊಟ ಆತೇನಪಾ ಅಂತಿದ್ದ. ಈಗ ನಾನೂ ಅವಗ ತಿರುಗಿ ಕೇಳಬೇಕಲ್ರೀ. ಹಿರ್ಯಾರ್ನ ಕೇಳೂ ರೀತಿ ಬ್ಯಾರೆ ಐತಂತ, ಅದು ಮುಂದಿನ ಪಾಠ." ಹಾಗೆಂದು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಪುಸ್ತಕ ತೆರೆದರು. ಆ ಸಂಜೆ ದೇವರಿಗೆ ದೀಪ ಹಚ್ಚುವಾಗ, ಎಲ್ಲಿದ್ದರೂ ಆ ಮುದುಕನ ಊಟ ಆಗಿರಲಿ ಎಂದು ನಾನು ಕನ್ನಡದಲ್ಲಿಯೇ ಬೇಡಿಕೊಂಡೆ.