ಬೆಣ್ಣಿಯ ಹಿಂಗಾಲು

ನಮ್ಮ ಬೆಣ್ಣಿ ಮೊಲದ ಹಾಗೆ ಓಡುತ್ತಾಳೆ. ಹಿಂಗಾಲು ಎರಡನ್ನೂ ಜೋಡಿಸಿ ಒಂದೇ ಜಿಗಿತ. (ಬೆಣ್ಣಿ ಅಂದರೆ ಲ್ಯಾಬ್ರಡಾರ್ ಮರಿ. ಮೈಬಣ್ಣ ನೋಡಿ ಹೆಸರಿಟ್ಟವರು ನಮ್ಮ ಅತ್ತೆ.) ಆ ಓಟದ ವಿಡಿಯೊವನ್ನು ನಾನು ಸ್ಟೇಟಸ್‌ಗೆ ಹಾಕಿದ್ದೇ ಹಾಕಿದ್ದು. ಮುನವಳ್ಳಿಯ ಅರ್ಧ ಊರು ಹಾರ್ಟ್ ಒತ್ತಿತ್ತು. ನಿಮ್ಮಲ್ಲೂ ಕೆಲವರು ನೋಡಿರಬೇಕು.

ಮರಿಯ ಇಂಜೆಕ್ಷನ್ನಿಗೆಂದು ನಾನೂ ಅತ್ತೆಯೂ ಧಾರವಾಡಕ್ಕೆ ಹೋದಾಗ ವಿಡಿಯೊವನ್ನು ಡಾಕ್ಟರಿಗೂ ತೋರಿಸಿದೆ. ಅವರು ನಗಲಿಲ್ಲ. ಮರಿಯನ್ನು ಮಲಗಿಸಿ ಸೊಂಟ ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು.

"ಇದು ಆಟ ಅಲ್ರಿ. ಸೊಂಟದ ಕೀಲು ಸಡಿಲ ಐತಿ. ಒಂದ ಕಾಲಿನ ಮ್ಯಾಲೆ ಭಾರ ಹಾಕಾಕ ಆಗವಲ್ದು, ಅದಕ್ಕ ಎರಡೂ ಕೂಡಿಸಿ ಜಿಗೀತೈತಿ."

ನನ್ನ ಮುಖ ಸಣ್ಣದಾಯಿತು. ಮರಿಯಿರಲಿ, ಮಕ್ಕಳಿರಲಿ, ಮುದ್ದಾಗಿ ಕಂಡದ್ದನ್ನೆಲ್ಲ ನಾವು ಆರೋಗ್ಯ ಅಂದುಕೊಂಡುಬಿಡುತ್ತೇವೆ, ಅಲ್ಲವೇ?

ಆಪರೇಷನ್ ಇದೆ ಎಂದರು. ಸೊಂಟದ ಎಲುಬಿನ ಎರಡು ಭಾಗ ಕೆಳಗಡೆ ಕೂಡುವಲ್ಲಿ ಸಣ್ಣ ಸಂದು ಇರುತ್ತದಂತೆ. ಅದಕ್ಕೆ ಶಾಖ ಕೊಟ್ಟು ಅಲ್ಲಿನ ಬೆಳವಣಿಗೆ ನಿಲ್ಲಿಸುತ್ತಾರೆ. ಉಳಿದ ಎಲುಬು ಬೆಳೆಯುತ್ತಾ ಮೆಲ್ಲಗೆ ಹೊರಳಿ, ತೊಡೆಯ ಕೀಲನ್ನು ಸರಿಯಾಗಿ ಹಿಡಿದುಕೊಳ್ಳುತ್ತದೆ. ಎಲುಬು ಎಳೆಯದಿದ್ದಾಗ ಮಾತ್ರ ಇದು ಸಾಧ್ಯ. ಇನ್ನೊಂದು ತಿಂಗಳು ತಡಮಾಡಿದರೆ ಉಪಯೋಗವಿಲ್ಲ. ಮುಂದೆ ಕುಂಟುತ್ತಾ ಬಾಳಬೇಕಾದೀತು.

ಅತ್ತೆ ಬೆಣ್ಣಿಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬೆಳೆಯೋ ಕೂಸಿನ ಎಲುಬು ಬೆಳೀದಂಗ ಮಾಡ್ತೀರಿ? ಇದ್ಯಾವ ಇಲಾಜ್ರಿ?"

"ಒಂದ ಕಡೆ ನಿಲ್ಲಿಸಿದ್ರ ಉಳಿದದ್ದು ಹಾದಿಗೆ ಬರತೈತ್ರಿ, ಅಮ್ಮಾರ."

ಅತ್ತೆ ಸೆರಗು ಸರಿಸಿ ಬೆಣ್ಣಿಯನ್ನು ಮತ್ತೆ ಮೇಜಿನ ಮೇಲೆ ಮಲಗಿಸಿದರು. "ಹಂಗಂದ್ರ ಮಾಡ್ರಿ" ಎಂದರು, ನನ್ನನ್ನು ಕೇಳದೆ. (ಕೇಳಿದ್ದರೆ ನಾನು ಇನ್ನೂ ಯೋಚಿಸುತ್ತಲೇ ಇರುತ್ತಿದ್ದೆ.)

ಆಪರೇಷನ್ ಆಯಿತು. ಈಗ ಹೊಲಿಗೆ ಹಾಕಿದ ಗಾಯ ಮಾಸಿದೆ. ಎಲುಬು ಹೊರಳಲು ಮಾತ್ರ ತಿಂಗಳುಗಳು ಬೇಕು. ಕಣ್ಣಿಗೆ ಕಾಣುವುದಿಲ್ಲ, ಸದ್ದೂ ಇಲ್ಲ. ಮಧ್ಯಾಹ್ನ ಊರಾಚೆಯ ಡ್ಯಾಮಿನ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ, ರೊಟ್ಟಿ ಉಂಡ ಮೈ ಭಾರವಾಗುತ್ತದೆ, ನಾನೂ ಅತ್ತೆಯೂ ಬೆಣ್ಣಿಯ ಆಚೀಚೆ ಚಾಪೆಯ ಮೇಲೆ ಉರುಳುತ್ತೇವೆ. ಒಳಗೆ ಏನಾದರೂ ತಿರುಗುತ್ತಿದೆಯೇ ಎಂದು ಅವಳ ಸೊಂಟದ ಮೇಲೆ ಕೈಯಿಡುತ್ತೇನೆ. ಬೆಚ್ಚಗಿರುತ್ತದೆ, ಅಷ್ಟೇ. ಎದ್ದರೆ ಇನ್ನೂ ಅದೇ ಜಿಗಿತ. ನನಗೆ ಭಯವಾಗುತ್ತದೆ.

ಮೊನ್ನೆ ಹಾಗೇ ಜೊಂಪು ಹತ್ತಿತ್ತು. ಪಕ್ಕದಲ್ಲಿ ಚಾಪೆ ಕೆರೆದ ಸದ್ದು. ನೋಡಿದರೆ ಬೆಣ್ಣಿ ನಿದ್ದೆಯಲ್ಲೇ ಓಡುತ್ತಿದ್ದಾಳೆ! ಹಿಂಗಾಲು ಒಂದಾದ ಮೇಲೊಂದು, ಒಂದಾದ ಮೇಲೊಂದು. ಯಾವ ಹೊಲದಲ್ಲಿದ್ದಳೋ, ಯಾರ ಹಿಂದೆ ಹೊರಟಿದ್ದಳೋ. ನಾನು ತಟ್ಟಲು ಕೈ ಚಾಚಿದೆ. ಅತ್ತೆ ಗಪ್ಪನೆ ಹಿಡಿದುಕೊಂಡರು.

"ಎಬ್ಬಿಸಬ್ಯಾಡವಾ. ಕಾಲಿಗೆ ರೂಢಿ ಆಗ್ಲಿ."