ಡಾಕ್ಟರ್ ಉಚ್ಚೆಂಗಮ್ಮನವರ ಅನುಮಾನ

ನನ್ನ ಗಂಡನಿಗೆ ನಾನೇ ವಿಷ ಹಾಕುತ್ತಿದ್ದೇನೆ ಎಂದು ಡಾಕ್ಟರ್ ಉಚ್ಚೆಂಗಮ್ಮನವರಿಗೆ ಅನುಮಾನವಿತ್ತು. ಅವರೇ ಸೂಜಿ ಚುಚ್ಚಿ ಚುಚ್ಚಿ ಕೊಲ್ಲುತ್ತಿದ್ದಾರೆ ಎಂದು ನನಗೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಒಂದೇ ಮಂಚದ ಆಚೆ ಅವರು, ಈಚೆ ನಾನು ನಿಂತು ಒಬ್ಬರ ಕೈಯನ್ನು ಒಬ್ಬರು ಕಾಯುತ್ತಿದ್ದೆವು. ನಡುವೆ ನಮ್ಮ ಮನೆಯವರು ಬಾಯಿ ತೆರೆದುಕೊಂಡು ಉಸಿರಿಗಾಗಿ ಒದ್ದಾಡುತ್ತಿದ್ದರು.

ಅದು ಹೋದ ವರ್ಷದ, ಎಂಬತ್ತಮೂರನೇ ಇಸವಿಯ ಮಾತು. ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಕಡೆಯ ನಮ್ಮ ಹೊಲಗಳಲ್ಲಿ ವರ್ಷಕ್ಕೆ ಎರಡು ಸಲ ಬತ್ತ. ಬತ್ತದ ಜೊತೆಗೆ ಜಿಗಿಹುಳು, ಜಿಗಿಹುಳುವಿಗೆ ಔಷಧಿ. ಹುಳಕ್ಕೆ ಹೊಡೆಯುವ ಆ ವಿಷವನ್ನು ನಮ್ಮಲ್ಲಿ ಎಲ್ಲರೂ ಎಣ್ಣೆ ಎಂದೇ ಕರೆಯುತ್ತಾರೆ. ನಮ್ಮ ಮನೆಯವರು ಆ ದಿನ ಎಣ್ಣೆ ಹೊಡೆಯಲು ಹೋದಾಗ ಬೆನ್ನಿಗೆ ಕಟ್ಟುವ ಪಂಪು ಹಳೆಯದು, ಒತ್ತುತ್ತದೆ ಎಂದು ಕಂಬಳಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಅದರ ಮೇಲೆ ಪಂಪು ಕಟ್ಟಿಕೊಂಡಿದ್ದರು. ಬಿಸಿಲೇರಿದ ಮೇಲೆ ಬದುವಿನಲ್ಲಿ ಕುಕ್ಕರಿಸಿ ವಾಂತಿ ಮಾಡಿಕೊಂಡರಂತೆ. ಮನೆಗೆ ತರುವಷ್ಟರಲ್ಲಿ ಬಾಯಲ್ಲಿ ನೊರೆ, ಮೈತುಂಬ ಬೆವರು. ಅವರ ಚಿಕ್ಕಪ್ಪ ದುರುಗಣ್ಣ ಟ್ರಾಕ್ಟರಿನಲ್ಲಿ ಹೊಸಪೇಟೆಗೆ ತಂದರು. ನಾನು ಎದೆಗೂಸು ಗಂಗಿಯನ್ನು ಕಟ್ಟಿಕೊಂಡು ಟ್ರೇಲರಿನಲ್ಲಿ ಕೂತಿದ್ದೆ.

ಡಾಕ್ಟರು ನೋಡಲು ಸಣ್ಣ ಹೆಂಗಸು. ಕೊರಳಲ್ಲಿ ಏನೂ ಇಲ್ಲ, ಕೈಯಲ್ಲಿ ಗಡಿಯಾರ, ಸೀರೆಯ ಮೇಲೆ ಮಾಸಿದ ಬಿಳಿ ಕೋಟು. ತುರ್ತಿನ ರೋಗಿಗಳನ್ನು ಇಡುವ ಕೋಣೆ ಪೂರ್ತಿ ಅವರದೇ. ಬಂದವರ ಮುಖ ನೋಡುವ ಮೊದಲು ರೆಪ್ಪೆ ಎತ್ತಿ ಕಣ್ಣಿಗೆ ಬ್ಯಾಟರಿ ಬಿಡುತ್ತಿದ್ದರು. ಆಮೇಲೆ ಮೂಸುತ್ತಿದ್ದರು. ಬಾಯಿ, ಅಂಗಿ, ತಲೆಗೂದಲು, ಎಲ್ಲವನ್ನೂ.

"ಹೆಸ್ರೇನು ಇವನ್ದು?" ಎಂದು ನನ್ನನ್ನು ಕೇಳಿದರು.

ಗಂಡನ ಹೆಸರು ಬಾಯಿಂದ ಹೇಗೆ ಬರಬೇಕು? ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಹುಲುಗಮ್ಮ ಅಳುತ್ತಿದ್ದಳು.

"ಹೆಸ್ರು ಕೇಳಿದ್ರ ಮಾರಿ ತಗ್ಗಿಸ್ತಿ. ಜಗಳ ಆಗಿತ್ತೇನು ಮನ್ಯಾಗ?"

"ಇಲ್ರಿ."

"ತಾನಾಗೇ ಕುಡಿದಾನೋ, ಯಾರರೆ ಕುಡಿಸ್ಯಾರೋ?"

"ಹೊಲಕ್ಕ ಹೊಡಿಯಾಕ ಹೋಗಿದ್ರು ರೀ."

"ಎಲ್ಲಾರೂ ಹಂಗ ಹೇಳ್ತಾರ," ಎಂದು ಸಿಸ್ಟರಿಗೆ ಹೇಳಿ, ಕತ್ತರಿ ತರಿಸಿ ಅಂಗಿ, ಧೋತರ ಎಲ್ಲ ಕತ್ತರಿಸಿ ಹೊರಗೆ ಎಸೆಸಿದರು. ಸಾಬೂನು ಹಚ್ಚಿ ತಲೆಯಿಂದ ಕಾಲಿನ ತನಕ ತೊಳೆಸಿದರು, ತಲೆ ಬೋಳಿಸಿದರು. ಅಪ್ಪ ಬದುಕಿರುವಾಗಲೇ ಮಗನ ತಲೆ ಬೋಳಿಸಿದರಲ್ಲ ಎಂದು ಅತ್ತೆ ಎದೆ ಬಡಿದುಕೊಂಡಳು. ಆಮೇಲೆ ಸೂಜಿಗಳು ಶುರುವಾದವು. ಒಂದು, ಕಣ್ಣು ನೋಡುವುದು. ಮತ್ತೊಂದು, ಮತ್ತೆ ಕಣ್ಣು ನೋಡುವುದು. ಕೊರಳಿನ ನಾಡಿ ಹಿಡಿದು ಕುರ್ಚಿಯಲ್ಲೇ ಕೂತಿದ್ದರು, ಊಟಕ್ಕೂ ಎದ್ದು ಹೋಗಲಿಲ್ಲ.

ಮರುದಿನ ನೊರೆ ನಿಂತಿತು, ಉಸಿರು ಸರಾಗವಾಯಿತು. ನಾನು ಗಂಗಿಯನ್ನು ಹತ್ತಿರ ಹಿಡಿದು, "ನೋಡ್ರಿ, ನಿಮ್ಮ ಮಗಳು," ಎಂದೆ. ನಮ್ಮ ಮನೆಯವರು ಕೂಸಿನ ಮುಖ ನೋಡಲಿಲ್ಲ. ಗಾಳಿಯಲ್ಲಿ ಕೈಯಾಡಿಸಿ ಸಸಿ ಕೀಳುವ ಹಾಗೆ ಏನನ್ನೋ ಕಿತ್ತರು, ಕಟ್ಟು ಕಟ್ಟಿದರು, ಮಂಚದ ಕೆಳಗೆ ಎಸೆದರು. ಸತ್ತುಹೋದ ಎಮ್ಮೆಯ ಹೆಸರು ಹಿಡಿದು ಕರೆದರು. ಕಣ್ಣಿನ ಕರಿಗುಡ್ಡೆ ಕತ್ತಲೆಯ ಬೆಕ್ಕಿನದರ ಹಾಗೆ ಅಗಲವಾಗಿತ್ತು. ಮೈ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು.

ಡಾಕ್ಟರು ಬಂದು ನೋಡಿದರು. "ಛಲೋ ಆತು," ಎಂದರು.

ಗಂಡಸು ಹುಚ್ಚನಂತೆ ಆಡುತ್ತಿದ್ದಾನೆ, ಈಕೆ ಛಲೋ ಆಯಿತು ಎನ್ನುತ್ತಾಳೆ. ಅಂದಿನಿಂದ ನಾನು ಅವರ ಸೂಜಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಔಷಧಿ ಸಾಕಷ್ಟು ಸೇರೇತಿ ಅನ್ನೋ ಗುರ್ತು ಅದು, ಇಳೀತೈತಿ," ಎಂದು ಸಿಸ್ಟರು ಹೇಳಿದಳು. ಯಾರದೋ ಕೈ ಕೆಳಗೆ ಕೆಲಸ ಮಾಡುವವಳು ಬೇರೇನು ಹೇಳುತ್ತಾಳೆ ಎಂದುಕೊಂಡೆ.

ಊರಿಗೆ ಹೋಗಿ ಒಂದು ಗಂಟು ಹೊತ್ತುಕೊಂಡು ಬಂದಿದ್ದ ಅತ್ತೆ ನೇರವಾಗಿ ಡಾಕ್ಟರನ್ನು ಕೇಳಿದಳು. "ನಿಮ್ದು ಯಾವೂರವ್ವಾ? ಯಾರ ಮನಿ ಪೈಕಿ?"

"ಬಂಡ್ರಿ. ಊರ ಹೊರಗಿನ ಮನಿ," ಎಂದರು ಡಾಕ್ಟರು, ನಾಡಿ ಹಿಡಿದ ಕೈ ಬಿಡದೆ. ಅವರ ಹಿಂದೆ ಔಷಧಿ ಬೀರುವಿನ ಬಾಗಿಲ ಒಳಗೆ ಸಣ್ಣ ಬುದ್ಧನ ಚಿತ್ರ ಅಂಟಿಸಿತ್ತು.

ಅತ್ತೆ ನೀರಿನ ತಂಬಿಗೆಯನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡಳು. ಡಾಕ್ಟರು ಅದನ್ನೂ ನೋಡಿದರು.

ಅವರ ತಂದೆ ಯಶವಂತನಗರದ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಿದ್ದವರಂತೆ. ಇದನ್ನು ಸಿಸ್ಟರು ಹೇಳಿದ್ದು. ಒಂದು ಸಲ ಜೋಲಿ ಹೊಡೆದು ಬಿದ್ದರೆ, ಜೊತೆಯವರು ಕುಡಿದಿದ್ದಾನೆ, ಮಲಗಲಿ ಎಂದು ನಗಾಡಿ ನೆರಳಿಗೆ ಎಳೆದು ಹಾಕಿದರಂತೆ. ತಲೆಗೆ ಕಲ್ಲು ಬಡಿದದ್ದು ರುಮಾಲಿನೊಳಗೆ ಯಾರಿಗೂ ಕಂಡಿರಲಿಲ್ಲ. ಸಂಡೂರಿನ ಶಾಲೆಯಿಂದ ಕಂಪನಿ ಬಸ್ಸಿನಲ್ಲಿ ಬಂದಿಳಿದ ಮಗಳು ಬುತ್ತಿ ಕೊಡಲು ಹೋಗಿ, ರುಮಾಲು ಬಿಚ್ಚಿ ನೋಡಿದಳಂತೆ. ಅಷ್ಟರಲ್ಲಿ ಮೈ ತಣ್ಣಗಾಗಿತ್ತು. "ಅದಕ್ಕ ನಮ್ಮ ಮೇಡಂ ಹೇಳಿದ್ದು ನಂಬೋದಿಲ್ಲ, ಎಲ್ಲಾನೂ ಬಿಚ್ಚಿ ನೋಡ್ತಾರ," ಎಂದಳು ಸಿಸ್ಟರು. ಕೇಳಿ ಪಾಪ ಅನಿಸಿತು. ಆದರೆ ಪಾಪ ಅನಿಸಿದವರೆಲ್ಲ ನಂಬಿಕೆಗೆ ಯೋಗ್ಯರು ಅಂತಲ್ಲವಲ್ಲ.

ಹುಚ್ಚು ಇಳಿಯಿತು. ನಮ್ಮ ಮನೆಯವರು ನನ್ನನ್ನು ಗುರುತು ಹಿಡಿದು ನೀರು ಕೇಳಿದರು. ಅತ್ತೆ ಆ ಇರುಳು ಮಗನ ಹತ್ತಿರ ತಾನೇ ಕೂತಳು, ನಾನು ಕೂಸಿನೊಂದಿಗೆ ವರಾಂಡದಲ್ಲಿ ಮಲಗಿದೆ. ಬೆಳಗಾದರೆ ಮತ್ತೆ ನೊರೆ, ಮತ್ತೆ ಬೆವರು. ಡಾಕ್ಟರು ಮತ್ತೆ ಸೂಜಿ ಹಾಕಿದರು, ಮತ್ತೆ ಚೇತರಿಕೆ, ಮರುಬೆಳಗ್ಗೆ ಮತ್ತೆ ಅದೇ.

"ಮ್ಯಾಲೆ ಬಂದವ ಮತ್ತ್ಯಾಕ ಮುಳುಗ್ತಾನ?" ಡಾಕ್ಟರು ತಮಗೆ ತಾವೇ ಹೇಳಿಕೊಂಡರು. ನಾನು ತಂದ ಗಂಜಿಯ ಡಬ್ಬಿ ತೆರೆದು ಮೂಸಿದರು, ಮುಚ್ಚಳ ತಿರುಗಿಸಿ ಅದರ ಒಳಗೂ ಮೂಸಿದರು. "ಇವತ್ತಿಂದ ಮನಿ ಗಂಜಿ ಬಂದ್."

ಅದಾದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ತಾವು ಹಾಕುತ್ತಿದ್ದ ಔಷಧಿಯ ಡಬ್ಬಿಯನ್ನೇ ಕಿಟಕಿಯ ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿ, "ಇದು ಬ್ಯಾಡ. ಹೊಸಾ ಡಬ್ಬಿ ಒಡಿ. ನಮ್ದೇ ಕೆಟ್ಟಿರಬಹುದು," ಎಂದು ಸಿಸ್ಟರಿಗೆ ಹೇಳಿದರು. ನನಗೆ ಅದು ನಾಟಕದಂತೆ ಕಂಡಿತು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಉಳಿಯಿತು.

ಹೊಸ ಡಬ್ಬಿಯಿಂದ ಹಾಕಿದರೂ ಮರುಬೆಳಗ್ಗೆ ಅಷ್ಟೇ. ಆ ಮಧ್ಯಾಹ್ನ ಪೊಲೀಸಪ್ಪ ಬಂದ. ನನ್ನನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಕೇಳಿದ್ದೇ ಕೇಳಿದ. ಗಂಡ ಹೊಡೀತಾನಾ, ತವರುಮನೆಗೆ ಯಾವಾಗ ಹೋಗಿದ್ದೆ, ಎಣ್ಣೆ ಡಬ್ಬಿ ಮನೆಯಲ್ಲಿ ಎಲ್ಲಿಡುತ್ತೀಯ. ದುರುಗಣ್ಣ ಚಿಕ್ಕಪ್ಪ ದೂರದಲ್ಲಿ ಬೀಡಿ ಸೇದುತ್ತಾ ಕೇಳಿಸಿಕೊಳ್ಳುತ್ತಿದ್ದರು. ಪೊಲೀಸಪ್ಪ ಚಹಾಕ್ಕೆ ಹೋದ ಮೇಲೆ ಹತ್ತಿರ ಬಂದರು.

"ನೋಡವ್ವಾ ವಿರುಪಿ, ಕೊಲ್ಲೋದು ತಾವು, ಹಾಕೋದು ನಿನ್ನ ತಲಿಗೆ. ದರೋಜಿ ಕಡಿ ನಾಟಿ ಔಷಧಿ ಕೊಡೋನು ಒಬ್ಬಾನ, ಎಂಥಾ ವಿಷ ಇದ್ರೂ ಇಳಿಸ್ತಾನ. ಟ್ರಾಕ್ಟರ್ ಬಾಗಲಕ್ಕ ನಿಂತೈತಿ. ನೀ ಸಹಿ ಮಾಡಿದ್ರ ಬಿಡ್ತಾರ."

"ಅವ್ರು ದಾರ್ಯಾಗ ಉಳಿತಾರೇನು ಕಾಕಾ?"

"ಇಲ್ಲಿ ಉಳಿತಾನೇನು?"

ಸಹಿ ಮಾಡುತ್ತೇನೆ ಎಂದೇ ಒಳಗೆ ಹೋದೆ. ಕೂಸನ್ನು ಅತ್ತೆಯ ಕೈಗೆ ಕೊಟ್ಟು ಹೋಗಿದ್ದೆ, ಅತ್ತೆ ಅದನ್ನು ಅಪ್ಪನ ತಲೆಯ ಪಕ್ಕ ಮಲಗಿಸಿದ್ದಳು. ಹಾಲಿನ ಹೊತ್ತಾಗಿದ್ದರಿಂದ ಎತ್ತಿಕೊಂಡು ಎದೆಗೆ ಹಿಡಿದೆ. ಗಂಗಿ ಬಾಯಿ ಹಾಕಲಿಲ್ಲ. ಗಲ್ಲದಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಎದೆಯೊಳಗೆ ಗೊರಗೊರ. ಕೈ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಬಿತ್ತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಡಾಕ್ಟರು ಆಗಲೇ ಬಂದಿದ್ದರು, ರೆಪ್ಪೆ ಎತ್ತಿದ್ದರು. ಕರಿಗುಡ್ಡೆ ಸಾಸಿವೆ ಕಾಳಿನಷ್ಟಾಗಿತ್ತು.

"ಕೂಸಿಗೆ ಏನು ತಿನಿಸಿದಿ?"

"ಎದಿಹಾಲು ಬಿಟ್ರ ಏನೂ ಇಲ್ರಿ. ಇನ್ನೂ ಏನೂ ತಿನ್ನಾಂಗಿಲ್ಲ ಅದು."

"ಜೇನುತುಪ್ಪ? ಗುಟ್ಟಿ? ಬೇರು ತೇಯ್ದು?"

"ಇಲ್ರಿ, ನಿಮ್ಮಾಣಿ."

ಡಾಕ್ಟರು ಮೊದಲ ಸಲ ನನ್ನ ಮುಖವನ್ನು ಪೂರ್ತಿ ನೋಡಿದರು. ಏನನ್ನೋ ತಿರುವಿ ಹಾಕುತ್ತಿರುವುದು ಕಂಡಿತು. ಉಣ್ಣದ ಕೂಸಿಗೆ ಉಣ್ಣುವುದರಲ್ಲಿ ವಿಷ ಹೇಗೆ ಸೇರೀತು? ಅಷ್ಟರಲ್ಲಿ ಅವರ ಕೈ ಸೂಜಿ ತುಂಬಿಯಾಗಿತ್ತು. ಸಣ್ಣ ಸೂಜಿ, ಆದರೆ ಅದೇ ಔಷಧಿ, ಅದೇ ಡಬ್ಬಿ.

"ನಿನ್ನ ಗಂಡಗ ಹಾಕಿದ್ದೇ ಇದು. ಹಿಡ್ಕೋ ಕೂಸಿನ್ನ."

"ಕೊಡಬ್ಯಾಡಲೇ ವಿರುಪಿ," ಎಂದಳು ಅತ್ತೆ. "ಅವನ್ನ ಹುಚ್ಚ ಮಾಡಿದ ಸೂಜಿ ಅದು. ಕೂಸು ತಡಿತೈತೇನು?" ಬಾಗಿಲಲ್ಲಿ ದುರುಗಣ್ಣ ಚಿಕ್ಕಪ್ಪ ನಿಂತು, "ಕೂಸಿನ್ನ ಎತ್ತಿಕೊಂಡು ಬಾ, ಟ್ರಾಕ್ಟರ್ ಚಾಲೂ ಮಾಡ್ತೀನಿ," ಎಂದರು.

ನನ್ನನ್ನು ಅನುಮಾನಿಸಿದವರು, ಗಂಜಿಯನ್ನು ಅನುಮಾನಿಸಿದವರು. ಆದರೆ ತಮ್ಮ ಔಷಧಿ ಡಬ್ಬಿಯನ್ನೂ ಬೆಳಕಿಗೆ ಹಿಡಿದು ನಮ್ಮದೇ ಕೆಟ್ಟಿರಬಹುದು ಎಂದವರು. ಕೊಲ್ಲುವವರು ತಮ್ಮ ಕೈಯಲ್ಲಿರುವುದನ್ನು ಹಾಗೆ ತಿರುವಿ ನೋಡುವುದಿಲ್ಲ. ದರೋಜಿಯವನು ನೋಡುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಗಂಗಿಯ ತೊಡೆಯನ್ನು ಬಿಚ್ಚಿ ಡಾಕ್ಟರ ಮುಂದೆ ಹಿಡಿದೆ.

ಸೂಜಿ ಹಾಕಿದ ಕೂಡಲೇ ಅವರು ಕೇಳಿದರು, "ಎಲ್ಲಿ ಮಲಗಿಸಿದ್ರಿ ಕೂಸಿನ್ನ?"

ಅತ್ತೆ ಮಂಚದ ಕಡೆ ಕೈ ತೋರಿಸಿದಳು. ಡಾಕ್ಟರು ಮಂಡಿಯೂರಿ ನಮ್ಮ ಮನೆಯವರ ತಲೆಯ ಹತ್ತಿರ ಮೂಗು ಇಟ್ಟರು. "ಫಿನಾಯಿಲ್ ವಾಸನಿಗೆ ನನ್ನ ಮೂಗು ಸತ್ತೈತಿ," ಎಂದು ಬೈದುಕೊಂಡು ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನು ಸರ್ರನೆ ಎಳೆದರು. ತಲೆಯ ಕೆಳಗೆ, ಹಾಸಿಗೆ ಬಟ್ಟೆಯ ಒಳಗೆ, ಸಪಾಟಾಗಿ ಮಡಿಸಿದ ಕರಿ ಕಂಬಳಿ. ಮಡಿಕೆಗಳಲ್ಲಿ ಅರಿಶಿನದ ಭಂಡಾರ.

ಎಣ್ಣೆ ಪಂಪಿನ ಕೆಳಗೆ ಹೆಗಲಿಗೆ ಹಾಕಿಕೊಂಡಿದ್ದ ಅದೇ ಕಂಬಳಿ. ಪಂಪು ಸೋರಿದ್ದನ್ನೆಲ್ಲ ಉಣ್ಣೆ ಕುಡಿದು ಕೂತಿತ್ತು. ಅದು ಮೈಲಾರಲಿಂಗನ ಹೆಸರು ಹೇಳಿ ಭಂಡಾರ ಹಾಕಿದ ಕಂಬಳಿ. ಅಂಥದ್ದನ್ನು ನಮ್ಮವರು ನೀರಿಗೆ ಹಾಕುವುದಿಲ್ಲ, ಬಿಸಿಲಿಗೆ ಹರವುತ್ತಾರೆ ಅಷ್ಟೇ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅದರ ಮೇಲೇ ಮಲಗಿಸುವುದು. ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆದ ಡಾಕ್ಟರು ಇದನ್ನೂ ಎಸೆದಾರೆಂದು ಅತ್ತೆ ಊರಿಂದ ಗಂಟಿನಲ್ಲಿ ತಂದು, ನಾನು ವರಾಂಡದಲ್ಲಿದ್ದಾಗ ಮಗನ ತಲೆಯ ಕೆಳಗೆ ಸೇರಿಸಿದ್ದಳು.

"ದೇವ್ರು ಕಾಯ್ಲಿ ಅಂತ ಇಟ್ಟೆ ರೀ," ಎಂದಳು ಅತ್ತೆ.

ಡಾಕ್ಟರು ಬೈಯಲಿಲ್ಲ. ತಂದೆ ಮಗಳಿಬ್ಬರನ್ನೂ ಸಾಬೂನಿನಿಂದ ತೊಳೆಸಿದರು, ಅತ್ತೆಯ ಕೈಗಳನ್ನೂ ತಾವೇ ಹಿಡಿದು ತೊಳೆದರು. ಅತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಮೇಲೆ ಗಂಗಿಯ ನಾಡಿ ಹಿಡಿದು ಕೂತರು. ಚಹಾ ಕುಡಿದು ಬಂದ ಪೊಲೀಸಪ್ಪನಿಗೆ ಕೂತಲ್ಲಿಂದಲೇ ಹೇಳಿದರು. "ಈಕಿ ಮ್ಯಾಲಿನ ಅನುಮಾನ ನಂದು. ನಾನೇ ವಾಪಸ್ ತಗೊಂಡೀನಿ, ನೀವು ಹೋಗ್ರಿ." ನನ್ನ ಕಡೆ ತಿರುಗಿ, "ನಿಂದು ಇನ್ನೂ ಐತೇನು?" ಎಂದರು.

"ಏನು ರೀ?"

"ಗ್ಲುಕೋಸ್ ಬಾಟ್ಲಿ ಕೆಳಗ ನಿಂತು ಒಂದೊಂದು ಹನಿನೂ ಕಾಯ್ತಿದ್ದಿ. ನನಗ ಕಾಣ್ಲಿಲ್ಲ ಅನ್ಕೊಂಡಿ?"

ಸಂಜೆಯ ಹೊತ್ತಿಗೆ ಗಂಗಿಯ ಮುಖ ಕೆಂಪಾಗಿ, ಬಾಯಿ ಒಣಗಿ, ರಚ್ಚೆ ಹಿಡಿದು ಅತ್ತಳು. "ಛಲೋ ಆತು," ಎಂದರು ಡಾಕ್ಟರು. ಈ ಸಲ ನನಗೂ ಹಾಗೇ ಅನಿಸಿತು. ನಮ್ಮ ಮನೆಯವರು ಮತ್ತೆ ಮುಳುಗಲಿಲ್ಲ. ಟ್ರಾಕ್ಟರು ಊರಿಗೆ ಖಾಲಿಯೇ ಹೋಯಿತು.

ಕಂಬಳಿಯ ಪ್ರಶ್ನೆ ಉಳಿಯಿತು. ಸುಡಲು ಅತ್ತೆ ಒಪ್ಪಲಿಲ್ಲ. "ಸುಡಬ್ಯಾಡ್ರಿ, ಹೊಗಿನೂ ವಿಷನ," ಎಂದರು ಡಾಕ್ಟರು. "ಕಾಲುವ್ಯಾಗ ಒಗದೀರಿ ಮತ್ತ, ಆ ನೀರು ಕುಡಿಯೋರು ಭಾಳ ಮಂದಿ ಅದಾರ. ಹೂಳ್ರಿ, ಬಾವಿ ಇಲ್ಲದ ಕಡಿ, ಆಳಕ್ಕ." ಅತ್ತೆ ಗುಡ್ಡದ ಕಡೆಯ ಬೀಳಿನಲ್ಲಿ ಗುಂಡಿ ತೆಗೆಸಿ, ಮನೆಯ ಹಿರಿಯರನ್ನು ಮಣ್ಣು ಮಾಡುವಂತೆ ಭಂಡಾರ ಎರಚಿ ಹೂಳಿದಳು. ಈಗ ನಮ್ಮ ಮನೆಯವರು ಹೊಲದಿಂದ ಬಂದರೆ ಹೊಸಿಲ ಹೊರಗೇ ನಿಲ್ಲಬೇಕು. ನಾನು ಅಂಗಿ ಮೂಸಿ ನೋಡಿ, ಬಿಸಿನೀರು ಕೊಟ್ಟ ಮೇಲೆಯೇ ಕೂಸನ್ನು ಮುಟ್ಟಬೇಕು. "ಡಾಕ್ಟ್ರಮ್ಮನ ತಂಗಿ ಆಗೀಯಲ್ಲೇ," ಎಂದು ಅವರು ಗೊಣಗುತ್ತಾರೆ, ಆದರೆ ನಿಲ್ಲುತ್ತಾರೆ.

ಮೊನ್ನೆ ಹೊಸಪೇಟೆ ಬಸ್‌ ಸ್ಟ್ಯಾಂಡಿನಲ್ಲಿ ಡಾಕ್ಟರು ಸಿಕ್ಕರು. ಬಂಡ್ರಿಗೆ ತಾಯಿಯನ್ನು ನೋಡಲು ಹೊರಟಿದ್ದರು. ನಮಸ್ಕಾರ ಎನ್ನುವ ಮೊದಲೇ ಗಂಗಿಯ ಗದ್ದ ಎತ್ತಿ ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದರು, ತಲೆ ಮೂಸಿದರು.

"ಅವ ಎಣ್ಣಿ ಹೊಡಿಯಾಕ ಹೋಗ್ತಾನೇನು ಇನ್ನೂ?"

"ಹೊಸಾ ಪಂಪು ತಂದಾರ ರೀ. ಬೆನ್ನಿಗೆ ಪ್ಲಾಸ್ಟಿಕ್ ಹಾಳಿ ಕಟ್ಕೊಂಡ ಹೋಗ್ತಾರ. ಬಂದ ಕೂಡ್ಲೆ ಮೈ ತೊಳ್ಕೊಂತಾರ."

ಡಾಕ್ಟರು ನನ್ನನ್ನು ಬಿಟ್ಟು ಗಂಗಿಯನ್ನು ಕೇಳಿದರು. "ಖರೇ ಏನಲೇ? ನಿಮ್ಮವ್ವ ಸುಳ್ಳು ಹೇಳಾಕತ್ತಿಲ್ಲ ಹೌದಿಲ್ಲೋ?"

ಗಂಗಿಗೆ ಇನ್ನೂ ಮಾತು ಸರಿಯಾಗಿ ಬರುವುದಿಲ್ಲ. ಕೈಯಲ್ಲಿದ್ದ ಅರ್ಧ ತಿಂದ ಸುಗಂಧಿ ಬಾಳೆಹಣ್ಣನ್ನು ಅವರ ಬಾಯಿಗೆ ಹಿಡಿದಳು. ಡಾಕ್ಟರು ಅದನ್ನು ತೆಗೆದುಕೊಂಡು ಮೊದಲು ಮೂಸಿ ನೋಡಿದರು. ಆಮೇಲೆ ತಿಂದರು.